ಜಪಾನಿನ ಅಡುಗೆ ಸಾಮಗ್ರಿ ನಮ್ಮ ಮನೆಯ ಒಲೆಯ ಮೇಲೆ

ಈ ಸಲದ ಚಳಿಗಾಲದ ರಜೆಗೆ ಮಗಳು ಜಪಾನಿನ ಕೋಬೆ ನಗರದಿಂದ ಊರಿಗೆ ಬಂದಳು. ಅಳಿಯನಿಗೆ ಅಲ್ಲಿ ಕೆಲಸ. ಮೂರು ವರ್ಷಗಳ ನಂತರ ಬಂದವಳ ಪೆಟ್ಟಿಗೆಯಲ್ಲಿ ಬಟ್ಟೆ, ಆಟಿಕೆ, ಅತ್ತರು ಇರಬಹುದೆಂದು ಮನೆಯ ಮಕ್ಕಳೆಲ್ಲ ಸುತ್ತ ಕೂತಿದ್ದರು. ತೆರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಅಡುಗೆ ಸಾಮಾನು. ಸ್ಪಂಜಿನಂತಹ ಒಂದು ಬಿಳಿ ಕಡ್ಡಿ, ಒಣಹುಲ್ಲಿನಂತೆ ಮುದುಡಿದ ಎಳೆಗಳು, ಚರ್ಮದ ತುಂಡಿನಂತಹ ಕಪ್ಪು ಪಾಚಿ, ಸುಣ್ಣದ ಹರಳಿನಂತಹ ಬಿಳಿ ಗಟ್ಟಿಗಳು, ತಿಳಿಹಳದಿ ಹಿಟ್ಟು, ಬಡಗಿಯ ಕೈಯಲ್ಲಿ ಉದುರುವ ಮರದ ಹೊಟ್ಟಿನಂತೆ ಕಾಣುವ ಒಣಮೀನು.

ಮಂಚದ ಮೇಲೆ ಕೂತಿದ್ದ ನಮ್ಮ ಅತ್ತೆ ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ನೋಡಿದರು. ಆಮೇಲೆ ಮೊಮ್ಮಗಳನ್ನು ಕೇಳಿದರು: "ಇದನ್ನೆಲ್ಲ ತಿನ್ನಬಹುದಾ ಬೇಟಾ?"

ಈ ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಇದು ಹಲಾಲೋ ಎಂಬುದು ಒಂದು. ಇದು ನಮ್ಮ ನಾಲಿಗೆಗೆ, ನಮ್ಮ ಹೊಟ್ಟೆಗೆ ಒಗ್ಗುತ್ತದೆಯೋ ಎಂಬುದು ಇನ್ನೊಂದು. ಮಗಳು ಊರಲ್ಲಿದ್ದ ಮೂರು ವಾರಗಳಲ್ಲಿ ಇವೆರಡಕ್ಕೂ ಉತ್ತರ ಹುಡುಕುತ್ತಾ ನಾವು ಮಾಡಿದ ಅಡುಗೆಯ ಕಥೆಯೇ ಈ ಲೇಖನ.

ನಮ್ಮದು ಹೊಸಕೋಟೆ ತಾಲೂಕಿನ ಸಮೇತನಹಳ್ಳಿ. ಒಂದು ಕಡೆ ಹೊಸಕೋಟೆ, ಇನ್ನೊಂದು ಕಡೆ ವೈಟ್‌ಫೀಲ್ಡ್. ಸುತ್ತ ರಾಗಿ, ಅವರೆ, ತರಕಾರಿ ಬೆಳೆಯುವ ಹೊಲಗಳು. ಅವುಗಳ ನಡುವೆಯೇ ಏಳುತ್ತಿರುವ ಅಪಾರ್ಟ್‌ಮೆಂಟುಗಳು. ಇಲ್ಲಿ ಕೂತು ಜಪಾನಿನ ಅಡುಗೆಯ ಬಗ್ಗೆ ಬರೆಯುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಹೇಳಿದ್ದ ತಪ್ಪು ಮಾತು

ಮಗಳು ಮೊದಲ ಸಲ ಜಪಾನಿಗೆ ಹೊರಟಾಗ ನಾನು ಅವಳಿಗೆ ಹೇಳಿದ ಕೊನೆಯ ಮಾತು, "ಅಲ್ಲಿ ಕಂಡದ್ದೆಲ್ಲ ತಿನ್ನಬೇಡ" ಎಂದು. ತಾಯಿಯ ಕಾಳಜಿಯಿಂದ ಹೇಳಿದ್ದೇ. ಆದರೆ ಅದರ ಫಲವೇನಾಯಿತೆಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಮೊದಲ ವರ್ಷ ಅವಳು ಅನ್ನ, ಮೊಟ್ಟೆ, ಬಾಳೆಹಣ್ಣು ಬಿಟ್ಟು ಬೇರೇನನ್ನೂ ಧೈರ್ಯವಾಗಿ ತಿಂದಿರಲಿಲ್ಲ. ಇಲ್ಲಿಂದ ಒಯ್ದ ಮಸಾಲೆ ಮುಗಿದ ಮೇಲೆ ಉಪ್ಪು ಹಾಕಿದ ಅನ್ನವನ್ನೇ ಉಂಡ ದಿನಗಳೂ ಇದ್ದವಂತೆ. ಫೋನಿನಲ್ಲಿ ಮುಖ ಸೊರಗಿದ್ದು ಕಂಡಾಗ ನಾನು ಚಳಿಯಿಂದ ಹಾಗಾಗಿದೆ ಎಂದುಕೊಂಡಿದ್ದೆ.

ಕೋಬೆಯಲ್ಲಿ 1935ರಲ್ಲಿ ಕಟ್ಟಿದ ಮಸೀದಿಯಿದೆ. ಜಪಾನಿನ ಅತ್ಯಂತ ಹಳೆಯ ಮಸೀದಿಗಳಲ್ಲಿ ಅದೂ ಒಂದು. ಅದನ್ನು ಕಟ್ಟಲು ಆ ಬಂದರು ನಗರದಲ್ಲಿದ್ದ ಭಾರತೀಯ ಮುಸ್ಲಿಮ್ ವರ್ತಕರೂ ಹಣ ನೀಡಿದ್ದರು. 1945ರ ಬಾಂಬ್ ದಾಳಿಯಲ್ಲೂ 1995ರ ಭೂಕಂಪದಲ್ಲೂ ಉಳಿದ ಕಟ್ಟಡವದು. ಆ ಮಸೀದಿಯ ಆಸುಪಾಸಿನಲ್ಲಿ ಹಲಾಲ್ ಮಾಂಸ ಸಿಗುತ್ತದೆ. ಅಲ್ಲಿ ಪರಿಚಯವಾದ ಹೆಂಗಸರು ಮಗಳಿಗೆ ಕಲಿಸಿದ್ದು ಒಂದೇ ಪಾಠ: ಹೆದರಿ ಕೂರಬೇಡ, ಓದಿ ನೋಡು, ಕೇಳಿ ತಿಳಿದುಕೋ. ನಾನು ಹೇಳಬೇಕಾಗಿದ್ದ ಮಾತು ಅದೇ ಆಗಿತ್ತು.

ಮೊದಲು ಲೇಬಲ್, ಆಮೇಲೆ ಒಲೆ

ಜಪಾನಿನ ಸಾಂಪ್ರದಾಯಿಕ ಅಡುಗೆಯಲ್ಲಿ ಮಾಂಸ ಕಡಿಮೆ. ಸೊಪ್ಪು, ಗೆಡ್ಡೆ, ಸೋಯಾ, ಮೀನು, ಸಮುದ್ರದ ಪಾಚಿ ಇವೇ ಮುಖ್ಯ. ಹಾಗಾಗಿ ಹೆಚ್ಚಿನ ಮೂಲ ಸಾಮಗ್ರಿಗಳಲ್ಲಿ ನಮಗೆ ತೊಡಕಿಲ್ಲ. ತೊಡಕು ಬರುವುದು ರುಚಿಗೆ ಸೇರಿಸುವ ದ್ರವಗಳಲ್ಲಿ.

ಅವುಗಳಲ್ಲಿ ಮುಖ್ಯವಾದುದು 'ಮಿರಿನ್'. ಸಿಹಿ ರುಚಿಯ, ಹೊಳಪು ಕೊಡುವ ಈ ದ್ರವವನ್ನು ಅಲ್ಲಿ ಪಲ್ಯಕ್ಕೂ ಮೀನಿಗೂ ಹಾಕುತ್ತಾರೆ. ಅಸಲಿ ಮಿರಿನ್‌ನಲ್ಲಿ ಸುಮಾರು ಶೇ. 14ರಷ್ಟು ಮದ್ಯಸಾರ ಇರುತ್ತದೆ. ಹಿಂದಿನ ಕಾಲದಲ್ಲಿ ಅದನ್ನು ಪಾನೀಯವಾಗಿಯೇ ಕುಡಿಯುತ್ತಿದ್ದರು. ಉಪ್ಪು ಬೆರೆಸಿ ಕುಡಿಯಲು ಬಾರದಂತೆ ಮಾಡಿದ ಇನ್ನೊಂದು ಬಗೆಯೂ ಇದೆ. ಅದರಲ್ಲೂ ಮದ್ಯಸಾರ ಇದ್ದೇ ಇರುತ್ತದೆ. 'ಮಿರಿನ್ ರುಚಿಯ' ಎಂದು ಮಾರುವ ಅಗ್ಗದ ದ್ರವದಲ್ಲಿ ಶೇ. 1ಕ್ಕಿಂತ ಕಡಿಮೆ. ಅಕ್ಕಿಯಿಂದ ಮಾಡುವ 'ಸಾಕೆ' ಎಂಬುದಂತೂ ನೇರವಾಗಿ ಮದ್ಯವೇ. ಕುದಿಸಿದರೆ ಎಲ್ಲ ಹಾರಿಹೋಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ, ಸ್ವಲ್ಪ ಉಳಿಯುತ್ತದೆ. ನಮ್ಮ ಮನೆಯಲ್ಲಿ ಇವು ಯಾವುದೂ ಬೇಡವೆಂದು ತೀರ್ಮಾನಿಸಿದೆವು. ಮಿರಿನ್ ಕೊಡುವ ಸಿಹಿಯನ್ನು ಒಂದು ಚಮಚ ಬೆಲ್ಲದ ಪಾಕ ಚೆನ್ನಾಗಿಯೇ ಕೊಡುತ್ತದೆ.

ಸೋಯಾ ಸಾಸ್ ವಿಷಯ ಸ್ವಲ್ಪ ಸೂಕ್ಷ್ಮ. ಸೋಯಾ ಮತ್ತು ಗೋಧಿಯನ್ನು ತಿಂಗಳುಗಟ್ಟಲೆ ಹುದುಗಿಸುವಾಗ ಅದರಲ್ಲಿ ತಾನಾಗಿಯೇ ಸ್ವಲ್ಪ ಮದ್ಯಸಾರ ಹುಟ್ಟುತ್ತದೆ. ಕೆಲವು ಕಂಪೆನಿಗಳು ಕೆಡದಿರಲೆಂದು ಪ್ರತ್ಯೇಕವಾಗಿಯೂ ಸೇರಿಸುತ್ತವೆ. ಈ ಎರಡನ್ನೂ ವಿದ್ವಾಂಸರು ಒಂದೇ ತೆರನಾಗಿ ನೋಡುವುದಿಲ್ಲ. ನಿಮಗೆ ಸಂಶಯವಿದ್ದರೆ ನೀವು ನಂಬುವ ಆಲಿಮರನ್ನು ಕೇಳಿ, ಇಲ್ಲವೇ ಹಲಾಲ್ ಮುದ್ರೆಯಿರುವ ಬಾಟಲಿಯನ್ನೇ ಕೊಳ್ಳಿ. ಜಪಾನಿನಲ್ಲೇ ಅಂತಹ ಸಾಸ್ ಈಗ ತಯಾರಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ದೇಶದ ಪ್ಯಾಕೆಟ್ಟುಗಳ ಮೇಲಿರುವ ಹಸಿರು ಗುರುತು ಸಸ್ಯಾಹಾರಕ್ಕೆ ಮಾತ್ರ ಸಂಬಂಧಿಸಿದ್ದು. ಮದ್ಯಸಾರ ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಜಪಾನಿನ ಪ್ಯಾಕೆಟ್ಟಿನಲ್ಲಿ ಆ ಗುರುತೂ ಇರುವುದಿಲ್ಲ. ಹಾಗಾಗಿ ಕೊಳ್ಳುವಾಗ ಕೆಲವು ಪದಗಳನ್ನು ನೆನಪಿಟ್ಟು ಅಂಗಡಿಯವರನ್ನು ಕೇಳಿ: 'ಬುತಾ' ಎಂದರೆ ಹಂದಿ, 'ರಾಡೊ' ಎಂದರೆ ಹಂದಿಯ ಕೊಬ್ಬು, 'ಜೆರಾಚಿನ್' ಎಂದರೆ ಜೆಲಟಿನ್, 'ಶುಸೇ' ಎಂದರೆ ಮದ್ಯಸಾರ.

ಮಗಳ ಪಕ್ಕದ ಮನೆಯಲ್ಲಿ ಒಬ್ಬ ಜಪಾನಿ ಅಜ್ಜಿಯಿದ್ದಾರೆ. ಒಮ್ಮೆ ಪ್ರೀತಿಯಿಂದ ಕುಂಬಳಕಾಯಿ ಬೇಯಿಸಿ ತಂದುಕೊಟ್ಟರು. ಮಗಳು ಸಂಕೋಚಪಡುತ್ತಲೇ, ಇದಕ್ಕೆ ಮಿರಿನ್ ಹಾಕಿದ್ದೀರಾ ಎಂದು ಕೇಳಿದಳು. ಹಾಕಿದ್ದರು. ತಾನೇಕೆ ತಿನ್ನುವುದಿಲ್ಲವೆಂದು ಮಗಳು ವಿವರಿಸಿದಳು. ಅಜ್ಜಿಗೆ ಬೇಸರವಾಗಿರಬಹುದೆಂದು ಅವಳಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಎರಡು ದಿನ ಬಿಟ್ಟು ಅದೇ ಅಜ್ಜಿ ಅದೇ ಬಟ್ಟಲಿನಲ್ಲಿ ಮತ್ತೆ ಕುಂಬಳಕಾಯಿ ತಂದರು. ಈ ಸಲ ಸಕ್ಕರೆ, ಉಪ್ಪು, ಒಂದು ತುಂಡು ಪಾಚಿ ಹಾಕಿ ಬೇಯಿಸಿದ್ದರು. ಪೆಟ್ಟಿಗೆಯಲ್ಲಿದ್ದ ಸಾಮಗ್ರಿಗಳಲ್ಲಿ ಹೆಚ್ಚಿನವನ್ನು ಮಗಳಿಗೆ ಪರಿಚಯಿಸಿದ್ದು ಅವರೇ.

ಚೈನಾ ಗ್ರಾಸ್‌ನ ಊರು ಜಪಾನ್

ಸ್ಪಂಜಿನಂತಹ ಬಿಳಿ ಕಡ್ಡಿಯನ್ನು ಮಗಳು ನೀರಿನಲ್ಲಿ ನೆನೆಸಿ, ಕುದಿಸಿ, ಹಾಲು ಬೆರೆಸಿ ತಟ್ಟೆಗೆ ಸುರಿದಳು. ಅರ್ಧ ಗಂಟೆಯಲ್ಲಿ ಅದು ಗಟ್ಟಿಯಾಯಿತು. ಅತ್ತೆ ಬೆರಳಿನಿಂದ ಒತ್ತಿ ನೋಡಿ ನಕ್ಕರು. "ಇದು ಚೈನಾ ಗ್ರಾಸ್ ಅಲ್ವಾ! ನಾನು ನಲವತ್ತು ವರ್ಷದಿಂದ ರಮಝಾನ್‌ನಲ್ಲಿ ಮಾಡ್ತಿದೀನಿ."

ಹೌದು. ನಮ್ಮ ಮನೆಗಳಲ್ಲಿ ಇಫ್ತಾರ್‌ಗೆ ಮಾಡುವ ಚೈನಾ ಗ್ರಾಸ್ ಪುಡ್ಡಿಂಗ್‌ನ ಮೂಲ ಸಾಮಗ್ರಿಯೇ ಜಪಾನಿನ 'ಕಾಂತೆನ್'. ಹೆಸರಿನಲ್ಲಿ ಚೀನಾ ಇದ್ದರೂ ಇದನ್ನು ಒಣಗಿಸುವ ವಿದ್ಯೆ ಹುಟ್ಟಿದ್ದು ಜಪಾನಿನಲ್ಲಿ. 17ನೇ ಶತಮಾನದ ಮಧ್ಯದಲ್ಲಿ ಕ್ಯೋಟೊ ಬಳಿಯ ಫುಶಿಮಿಯಲ್ಲಿ ಒಬ್ಬ ಛತ್ರದವನು ಉಳಿದ ಪಾಚಿಯ ಜೆಲ್ಲಿಯನ್ನು ಚಳಿಗಾಲದ ರಾತ್ರಿ ಹೊರಗೆ ಎಸೆದನಂತೆ. ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ನೀರೆಲ್ಲ ಇಳಿದು ಕೆಲವು ದಿನಗಳಲ್ಲಿ ಅದು ಹಗುರವಾದ ಒಣ ವಸ್ತುವಾಯಿತು. ಕುದಿಸಿದಾಗ ಮತ್ತೆ ಜೆಲ್ಲಿಯಾಯಿತು. ಕಾಂತೆನ್ ಎಂದರೆ 'ಚಳಿಯ ಆಕಾಶ' ಎಂದರ್ಥ. ಇಂದಿಗೂ ನಾಗಾನೊ ಪ್ರಾಂತದಲ್ಲಿ ಚಳಿಗಾಲದಲ್ಲಿ ಬಯಲಲ್ಲಿ ಹರವಿ ಇದನ್ನು ತಯಾರಿಸುತ್ತಾರೆ.

ಈ ಸಾಮಗ್ರಿಗೆ ಇನ್ನೊಂದು ದೊಡ್ಡ ಕಥೆಯಿದೆ, ಅದರಲ್ಲಿ ನಾಯಕಿ ಒಬ್ಬ ಗೃಹಿಣಿ. 1880ರ ದಶಕದ ಆರಂಭದಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಬೆಚ್ಚಗಾದರೆ ಅದು ಕರಗಿಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ ತನ್ನ ಅಡುಗೆಮನೆಯಲ್ಲಿ ಜೆಲ್ಲಿಗೆ ಬಳಸುತ್ತಿದ್ದ ಈ ಪಾಚಿಯ ಸಾಮಗ್ರಿಯನ್ನು ಸೂಚಿಸಿದಳು. ಇಂದು ಜಗತ್ತಿನಾದ್ಯಂತ ಲ್ಯಾಬ್‌ಗಳಲ್ಲಿ ರೋಗಾಣುಗಳನ್ನು ಬೆಳೆಸಲು ಇದು ಬಳಕೆಯಲ್ಲಿದೆ. ಅಡುಗೆಮನೆಯ ತಿಳಿವಳಿಕೆ ಸಣ್ಣದೆಂದು ಯಾರಾದರೂ ಹೇಳಿದರೆ ಫ್ಯಾನಿಯನ್ನು ನೆನಪಿಸಿ.

ನಮಗೆ ಇದರಿಂದ ಎರಡು ಲಾಭ. ಮೊದಲನೆಯದು, ಇದು ಪೂರ್ತಿ ಸಸ್ಯಮೂಲದ್ದು. ಜೆಲಟಿನ್ ಪ್ರಾಣಿಗಳ ಚರ್ಮ, ಎಲುಬಿನಿಂದ ಆಗುವುದರಿಂದ ಅದರ ಮೂಲ ಯಾವುದೆಂಬ ಚಿಂತೆ ತಪ್ಪಿದ್ದಲ್ಲ. ಎರಡನೆಯದು, ಜೆಲಟಿನ್ ಬೇಸಿಗೆಯ ಬಿಸಿಗೇ ಕರಗುತ್ತದೆ. ಕಾಂತೆನ್ ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿ ಬಿಸಿಯಾಗುವ ತನಕ ಕರಗುವುದಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲೂ ಗಟ್ಟಿಯಾಗುತ್ತದೆ.

ಮಾಡುವ ವಿಧಾನ: 10 ಗ್ರಾಂ ಚೈನಾ ಗ್ರಾಸ್ ಎಳೆಗಳನ್ನು ಅರ್ಧ ಗಂಟೆ ನೆನೆಸಿ. ಎರಡು ಲೋಟ ನೀರಿನಲ್ಲಿ ಒಂದು ಎಳೆಯೂ ಉಳಿಯದಂತೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಸಕ್ಕರೆ ಹಾಕಿದ ಬಿಸಿ ಹಾಲನ್ನು ಇದಕ್ಕೆ ಬೆರೆಸಿ, ಒಟ್ಟು ಒಂದು ಲೀಟರ್ ಆಗಬೇಕು. ಹಾಲು ತಣ್ಣಗಿದ್ದರೆ ತಕ್ಷಣ ಗಂಟುಗಂಟಾಗುತ್ತದೆ. ಹೆಚ್ಚಿನವರ ಪುಡ್ಡಿಂಗ್ ಕೆಡುವುದು ಇಲ್ಲಿಯೇ. ನಿಂಬೆರಸ, ಕಿತ್ತಳೆರಸ ಹಾಕುವುದಿದ್ದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ. ಹುಳಿಯೊಂದಿಗೆ ಕುದಿಸಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಒಣಗಿಸಿದ ಮೂಲಂಗಿ

ಒಣಹುಲ್ಲಿನಂತಿದ್ದದ್ದು ಮೂಲಂಗಿ. ಜಪಾನಿನಲ್ಲಿ ಇದಕ್ಕೆ 'ಕಿರಿಬೊಶಿ ದೈಕೊನ್' ಎನ್ನುತ್ತಾರೆ. ಬಿಳಿ ಮೂಲಂಗಿಯನ್ನು ಸಣ್ಣಗೆ ಉದ್ದುದ್ದ ಹೆಚ್ಚಿ ಚಳಿಗಾಲದ ಒಣಗಾಳಿಯಲ್ಲಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ದಕ್ಷಿಣದ ಮಿಯಾಝಾಕಿ ಪ್ರಾಂತ ಇದಕ್ಕೆ ಹೆಸರುವಾಸಿ. ಒಣಗಿದಾಗ ಮೂಲಂಗಿಯ ಖಾರ, ವಾಸನೆ ಇಳಿದು ಸಿಹಿ ಏರುತ್ತದೆ.

ನನಗೆ ಅತ್ಯಂತ ಇಷ್ಟವಾಗಿದ್ದು ಇದೇ, ಏಕೆಂದರೆ ಇದನ್ನು ಕೊಳ್ಳಲೇಬೇಕಾಗಿಲ್ಲ. ಮಗಳು ಬಂದಾಗ ನಮ್ಮಲ್ಲಿ ಅವರೆಕಾಯಿಯ ಕಾಲ. ಹಗಲು ಒಳ್ಳೆಯ ಬಿಸಿಲು, ಗಾಳಿಯಲ್ಲಿ ತೇವವಿಲ್ಲ. ಹೊಸಕೋಟೆ ಮಾರುಕಟ್ಟೆಯಿಂದ ಐದು ಕಿಲೋ ಮೂಲಂಗಿ ತಂದು, ತೊಳೆದು, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪಕ್ಕೆ ಹೆಚ್ಚಿ ತಾರಸಿಯ ಮೇಲೆ ಬಿಳಿ ಬಟ್ಟೆಯಲ್ಲಿ ಹರವಿದೆವು. ರಾತ್ರಿ ಇಬ್ಬನಿಗೆ ಸಿಗದಂತೆ ಒಳಗೆ ತಂದೆವು. ಮೂರನೆಯ ದಿನ ಸಂಜೆ ಮುರಿದರೆ ಪಟ್ಟನೆ ಮುರಿಯುವಂತಾಯಿತು. ಮೂಲಂಗಿಯಲ್ಲಿ ಹೆಚ್ಚಿನ ಪಾಲು ನೀರೇ. ಐದು ಕಿಲೋ ಒಣಗಿ ಒಂದು ಸಣ್ಣ ಡಬ್ಬಿಯಷ್ಟಾಯಿತು.

ಪಕ್ಕದ ಹೊಲದ ರೈತರ ಮನೆಯಾಕೆ ಬಂದು ನೋಡಿ, "ಏನಕ್ಕಾ, ಮೂಲಂಗೀನೂ ಸಂಡಿಗೆ ಥರ ಒಣಗಿಸ್ಬಿಟ್ರಾ?" ಎಂದರು. ಮಗಳು ವಿವರಿಸಿದಾಗ ಆಕೆ ಸುಮ್ಮನೆ ನಿಂತು ಕೇಳಿದರು. ಬೆಲೆ ಬಿದ್ದ ವಾರ ಮೂಲಂಗಿಯನ್ನು ಕೀಳಿಸುವ ಕೂಲಿಯೂ ಹುಟ್ಟುವುದಿಲ್ಲ, ದನಕ್ಕೆ ಹಾಕುತ್ತೇವೆ ಎಂದರು. ಮರುದಿನ ಒಂದು ಕಂತೆ ಮೂಲಂಗಿ ತಂದುಕೊಟ್ಟು, "ಇದನ್ನೂ ಹೆಚ್ಚಿ ತೋರಿಸು ಮಗಾ" ಎಂದು ಮಗಳ ಪಕ್ಕದಲ್ಲೇ ಕೂತರು. ಒಣಮೆಣಸಿನಕಾಯಿ, ಸಂಡಿಗೆ, ಬಾಳಕ ಮಾಡುವ ಕೈಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಬಳಸುವಾಗ 15-20 ನಿಮಿಷ ನೀರಿನಲ್ಲಿ ನೆನೆಸಿ ಹಿಂಡಬೇಕು. ನೆನೆಸಿದ ನೀರು ಸಿಹಿಯಾಗಿರುತ್ತದೆ, ಚೆಲ್ಲಬೇಡಿ. ಜಪಾನಿನಲ್ಲಿ ಇದನ್ನು ಕ್ಯಾರೆಟ್ ಜೊತೆ ಸೋಯಾ ಸಾಸ್‌ನಲ್ಲಿ ಬೇಯಿಸುತ್ತಾರೆ. ನಾವು ಮೊದಲು ಹಾಗೆಯೇ ಮಾಡಿದೆವು. ಮಕ್ಕಳು ತಿಂದರು, ಅತ್ತೆ ಎರಡು ತುತ್ತಿಗೆ ನಿಲ್ಲಿಸಿದರು. ಮುಂದಿನ ಶುಕ್ರವಾರ ದಾಲ್ಚಾ ಮಾಡುವಾಗ ಸೋರೆಕಾಯಿಯ ಬದಲು ಇದನ್ನೇ ಹಾಕಿದೆ. ಮಟನ್ ಮತ್ತು ಬೇಳೆಯ ರಸವನ್ನೆಲ್ಲ ಅದು ಹೀರಿಕೊಂಡಿತ್ತು, ಆದರೆ ಕರಗಿರಲಿಲ್ಲ. ಅಗಿಯಲು ಹಿತವಾಗಿತ್ತು. ಅತ್ತೆ ಬಗಾರಾ ಅನ್ನದ ಮೇಲೆ ಎರಡನೆಯ ಸಲ ಹಾಕಿಸಿಕೊಂಡು, "ಇದೇನು ಹಾಕಿದ್ದೀಯಾ?" ಎಂದು ಕೇಳಿದರು. ಹೇಳಿದೆ. ಅವರು ಮೊಮ್ಮಗಳ ಕಡೆ ನೋಡಿದರೇ ಹೊರತು ಏನೂ ಮಾತಾಡಲಿಲ್ಲ. ಊಟ ಮಾತ್ರ ಪೂರ್ತಿ ಮಾಡಿದರು.

ಕಿನಾಕೊ ಮತ್ತು ನಮ್ಮ ಹುರಿಹಿಟ್ಟು

ತಿಳಿಹಳದಿ ಹಿಟ್ಟಿನ ಹೆಸರು 'ಕಿನಾಕೊ'. ಸೋಯಾ ಕಾಳನ್ನು ಹುರಿದು ಬೀಸಿದ ಹಿಟ್ಟು, ಅಷ್ಟೇ. ಡಬ್ಬಿ ತೆರೆದಾಗ ಬಂದ ಘಮ ನೇರವಾಗಿ ನಮ್ಮ ರಾಗಿ ಹುರಿಹಿಟ್ಟಿನದು. ಅಲ್ಲಿ ಇದಕ್ಕೆ ಸಕ್ಕರೆ ಮತ್ತು ಚಿಟಿಕೆ ಉಪ್ಪು ಬೆರೆಸಿ ಅಂಟಕ್ಕಿಯ ಉಂಡೆಯ ಮೇಲೆ ಉದುರಿಸುತ್ತಾರೆ. 'ಮೋಚಿ' ಎಂಬ ಆ ಉಂಡೆ ಬಹಳ ಅಂಟು. ಜಪಾನಿನಲ್ಲೇ ಪ್ರತಿ ಹೊಸ ವರ್ಷದಲ್ಲೂ ವಯಸ್ಸಾದವರ ಗಂಟಲಿಗೆ ಸಿಕ್ಕಿಕೊಂಡು ಸಾವು ಸಂಭವಿಸುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಮೋಚಿ ಮಾಡಲಿಲ್ಲ. ಸಣ್ಣ ಮಕ್ಕಳು, ಹಿರಿಯರು ಇರುವ ಮನೆಯವರು ನೀವೂ ಎಚ್ಚರ ವಹಿಸಿ.

ಕಿನಾಕೊ ಮಾತ್ರ ನಿಶ್ಚಿಂತೆಯಿಂದ ಮಾಡಬಹುದು. ಸೋಯಾ ಕಾಳು ಬೆಂಗಳೂರಿನ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿದು, ಒಳಗಿನ ತನಕ ಕಂದುಬಣ್ಣ ಬರುವವರೆಗೆ ಹುರಿಯಿರಿ. ಹಸಿವಾಸನೆ ಉಳಿಯಬಾರದು, ಹಸಿ ಸೋಯಾ ಜೀರ್ಣವಾಗುವುದಿಲ್ಲ. ತಣಿದ ಮೇಲೆ ಬೀಸಿ ಜರಡಿ ಹಿಡಿಯಿರಿ. ಇದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಸಹ್ರಿಯ ಹೊತ್ತಿನಲ್ಲಿ ಒಂದು ಲೋಟ ಹಾಲಿಗೆ ಎರಡು ಚಮಚ ಕಿನಾಕೊ, ಎರಡು ಖರ್ಜೂರ ಹಾಕಿ ಮಿಕ್ಸಿಯಲ್ಲಿ ಅರೆದು ಕುಡಿದರೆ ಹೊಟ್ಟೆ ಬಹಳ ಹೊತ್ತು ತುಂಬಿದಂತಿರುತ್ತದೆ.

ಒಂದು ಮಾತು: ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಯ ಜೊತೆಗೇ ಸೋಯಾ ತಿನ್ನಬಾರದು. ಮಾತ್ರೆ ಸರಿಯಾಗಿ ದೇಹಕ್ಕೆ ಸೇರುವುದಿಲ್ಲ. ಎಷ್ಟು ಗಂಟೆ ಬಿಡಬೇಕೆಂದು ವೈದ್ಯರನ್ನು ಕೇಳಿ.

ಪಾಚಿ, ಒಣಮೀನು ಮತ್ತು ಗೋಬಿ ಮಂಚೂರಿ

ಚರ್ಮದಂತಿದ್ದ ಕಪ್ಪು ಪಾಚಿಯ ಹೆಸರು 'ಕೊಂಬು'. ಅಂಗೈಯಗಲದ ಒಂದು ತುಂಡನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನಿಧಾನವಾಗಿ ಬಿಸಿ ಮಾಡಿ, ಕುದಿ ಬರುವ ಮುಂಚೆ ತೆಗೆಯಬೇಕು. ಆಮೇಲೆ ಮರದ ಹೊಟ್ಟಿನಂತಿದ್ದ 'ಕಾತ್ಸುವೊಬುಶಿ' ಎಂಬ ಒಣಮೀನಿನ ಚೂರುಗಳನ್ನು ಹಾಕಿ, ಎರಡು ನಿಮಿಷ ಬಿಟ್ಟು ಸೋಸಬೇಕು. ಇದೇ ಜಪಾನಿ ಅಡುಗೆಯ ಬುನಾದಿಯಾದ 'ದಾಶಿ' ಎಂಬ ಸಾರು. ಎಣ್ಣೆಯಿಲ್ಲ, ಮಸಾಲೆಯಿಲ್ಲ, ಆದರೂ ಬಾಯಿ ತುಂಬುವ ರುಚಿ.

ಈ ರುಚಿಯ ಗುಟ್ಟನ್ನು 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕಂಡುಹಿಡಿದರು. ಕೊಂಬುವಿನಲ್ಲಿರುವ ಗ್ಲುಟಮೇಟ್ ಎಂಬ ಅಂಶವೇ ಅದರ ಕಾರಣ ಎಂದು ತೋರಿಸಿ, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಮರುವರ್ಷ ಅದು ಬಿಳಿ ಹರಳಿನ ಪುಡಿಯಾಗಿ ಮಾರುಕಟ್ಟೆಗೆ ಬಂತು. ಅದೇ ಅಜಿನೊಮೊಟೊ. ನಮ್ಮ ರಸ್ತೆಬದಿಯ ಗೋಬಿ ಮಂಚೂರಿಯ ಗಾಡಿಯಲ್ಲಿರುವ ಪುಡಿಯ ಮೂಲ ಈ ಪಾಚಿ ಎಂದು ಮಗಳು ಹೇಳಿದಾಗ ಮನೆಯ ಹುಡುಗರು ನಂಬಲೇ ಇಲ್ಲ.

ಒಣಮೀನಿನ ವಿಷಯದಲ್ಲಿ ನಮ್ಮ ಕರಾವಳಿಯ ಸಹೋದರಿಯರು ನಮಗಿಂತ ಮುಂದಿದ್ದಾರೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಮಾಡುವ 'ಮಾಸ್‌ಮಿನ್' ಇದರ ಸಹೋದರನೇ. ಎರಡಕ್ಕೂ ಬಳಸುವುದು ಒಂದೇ ಜಾತಿಯ ಸೂರೆ ಮೀನು. ಎರಡನ್ನೂ ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಂತೆ ಗಟ್ಟಿಯಾಗುವ ತನಕ ಒಣಗಿಸುತ್ತಾರೆ. 14ನೇ ಶತಮಾನದಲ್ಲಿ ಮಾಲ್ದೀವ್ಸ್‌ನಲ್ಲಿ ಕಾಝಿಯಾಗಿದ್ದ ಪ್ರವಾಸಿ ಇಬ್ನ್ ಬತೂತಾ ಈ ಒಣಮೀನಿನ ಬಗ್ಗೆ ಬರೆದಿದ್ದಾರೆ. ಮಾಸ್‌ಮಿನ್ ಸಿಗುವವರು ಅದನ್ನೇ ತೆಳುವಾಗಿ ಹೆರೆದು ದಾಶಿ ಮಾಡಿ ನೋಡಿ. ಸ್ವಲ್ಪ ಉಪ್ಪು ಹೆಚ್ಚಿರುತ್ತದೆ, ಬೇರೆ ಉಪ್ಪು ಹಾಕುವ ಮುಂಚೆ ರುಚಿ ನೋಡಿಕೊಳ್ಳಿ. ಪುಡಿಯಾಗಿ ಸಿಗುವ ದಿಢೀರ್ ದಾಶಿಯಲ್ಲಿ ಬೇರೆ ಅಂಶಗಳೂ ಇರುವುದರಿಂದ ಲೇಬಲ್ ಓದದೆ ಕೊಳ್ಳಬೇಡಿ.

ನಾವು ಈ ಸಾರಿನಲ್ಲಿ ಹಿದಕಿದ ಅವರೆಬೇಳೆ ಬೇಯಿಸಿದೆವು. ಮಸಾಲೆ ಅರ್ಧಕ್ಕರ್ಧ ಕಡಿಮೆ ಹಾಕಿದರೂ ಯಾರಿಗೂ ಸಪ್ಪೆ ಎನಿಸಲಿಲ್ಲ.

ಆದರೆ ಕೊಂಬುವಿನಲ್ಲಿ ಅಯೋಡಿನ್ ಬಹಳ ಹೆಚ್ಚು. ಥೈರಾಯ್ಡ್ ತೊಂದರೆಯಿರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಬಳಸಬಾರದು. ಉಳಿದವರೂ ದಿನನಿತ್ಯ ಬಳಸುವುದು ಬೇಡ. 'ಹಿಜಿಕಿ' ಎಂಬ ಇನ್ನೊಂದು ಕಪ್ಪು ಪಾಚಿಯಲ್ಲಿ ವಿಷಕಾರಿ ಆರ್ಸೆನಿಕ್ ಅಂಶ ಹೆಚ್ಚಿರುವುದರಿಂದ ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಇಲಾಖೆ 2004ರಲ್ಲೇ ಜನರಿಗೆ ಸೂಚಿಸಿದೆ. ಸಾಂಪ್ರದಾಯಿಕ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೆಂದು ಭಾವಿಸಬೇಕಾಗಿಲ್ಲ.

ಅತ್ತೆಗೆ ಜ್ವರ ಬಂದಾಗ

ಸುಣ್ಣದ ಹರಳಿನಂತಿದ್ದದ್ದು 'ಕುಝು' ಎಂಬ ಬಳ್ಳಿಯ ಗೆಡ್ಡೆಯ ಹಿಟ್ಟು. ನಾರಾ ಪ್ರಾಂತದ ಯೊಶಿನೊದಲ್ಲಿ ಗೆಡ್ಡೆಯನ್ನು ಜಜ್ಜಿ, ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದು, ತಳದಲ್ಲಿ ನಿಂತ ಹಿಟ್ಟನ್ನು ಒಣಗಿಸಿ ಇದನ್ನು ಮಾಡುತ್ತಾರೆ. ಅಲ್ಲಿ ಶೀತವಾದವರಿಗೆ ಇದರ ಗಂಜಿ ಕೊಡುವುದು ವಾಡಿಕೆ. ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಕ್ಕಳಿಗೆ ಕೊಡುವ ಕೂವೆ ಹಿಟ್ಟನ್ನು ಮಾಡುವ ವಿಧಾನವೂ ಇದೇ.

ಮಗಳು ಹೊರಡಲು ಐದು ದಿನವಿರುವಾಗ ಅತ್ತೆಗೆ ಜ್ವರ ಬಂತು. ಏನು ಕೊಟ್ಟರೂ ಬೇಡವೆಂದರು. ಮಗಳು ಒಂದು ಚಮಚ ಕುಝುವನ್ನು ಒಂದು ಲೋಟ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದಳು. ಹಾಲಿನಂತಿದ್ದ ನೀರು ಗಾಜಿನಂತೆ ತಿಳಿಯಾಗಿ ಗಟ್ಟಿಯಾಯಿತು. ಬೆಲ್ಲ ಮತ್ತು ಶುಂಠಿಯ ರಸ ಬೆರೆಸಿ ಚಮಚದಿಂದ ಕುಡಿಸಿದಳು. ಅತ್ತೆ ಪೂರ್ತಿ ಕುಡಿದರು. ಇದು ಔಷಧಿಯೇನೂ ಅಲ್ಲ, ಜ್ವರಕ್ಕೆ ವೈದ್ಯರು ಕೊಟ್ಟ ಮಾತ್ರೆಯೇ ಕೆಲಸ ಮಾಡಿದ್ದು. ಆದರೆ ಗಂಟಲಿಗೆ ಹಿತವಾಗಿತ್ತು, ಹೊಟ್ಟೆಯಲ್ಲಿ ನಿಂತಿತು.

ಲೋಟ ಕೆಳಗಿಟ್ಟು ಅತ್ತೆ ಮೊಮ್ಮಗಳ ಕೈ ಹಿಡಿದು, "ಅಲ್ಲಿ ನಿನಗೆ ಜ್ವರ ಬಂದಾಗ ಯಾರು ಮಾಡಿಕೊಟ್ಟರು?" ಎಂದು ಕೇಳಿದರು. "ಪಕ್ಕದ ಮನೆ ಅಜ್ಜಿ" ಎಂದಳು ಮಗಳು. ಅತ್ತೆ ಆ ಅಜ್ಜಿಗಾಗಿ ದುಆ ಮಾಡಿದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ನೀವೂ ಪ್ರಯತ್ನಿಸುವುದಾದರೆ

ಸಹೋದರಿಯರೇ, ಈ ಮೂರು ವಾರಗಳಲ್ಲಿ ನಾನು ಕಲಿತದ್ದನ್ನು ಚುಟುಕಾಗಿ ಹೇಳುತ್ತೇನೆ.

ಒಂದೇ ಸಲ ಎಲ್ಲವನ್ನೂ ಕೊಳ್ಳಬೇಡಿ. ಹೊರದೇಶದ ಸಾಮಗ್ರಿ ದುಬಾರಿ. ತಿಂಗಳಿಗೆ ಒಂದನ್ನು ಆರಿಸಿಕೊಳ್ಳಿ.

ಲೇಬಲ್ ಓದಲು ಬಾರದಿದ್ದರೆ ಕೊಳ್ಳುವ ಮುಂಚೆ ಕೇಳಿ. ಸಂಶಯ ಉಳಿದರೆ ಬಿಟ್ಟುಬಿಡಿ. ಆ ಒಂದು ಸಾಮಗ್ರಿ ಇಲ್ಲದೆಯೂ ಅಡುಗೆಯಾಗುತ್ತದೆ.

ಮೊದಲ ಸಲ ಅವರ ವಿಧಾನದಲ್ಲಿಯೇ ಮಾಡಿ ರುಚಿ ತಿಳಿದುಕೊಳ್ಳಿ. ಎರಡನೆಯ ಸಲ ನಿಮ್ಮ ಮನೆಯ ಅಡುಗೆಗೆ ಸೇರಿಸಿ ನೋಡಿ.

ಅದೇ ಗುಣದ ವಸ್ತು ನಮ್ಮಲ್ಲಿ ಇದೆಯೇ ಎಂದು ಹುಡುಕಿ. ಕಾಂತೆನ್‌ಗೆ ಚೈನಾ ಗ್ರಾಸ್, ಕುಝುವಿಗೆ ಕೂವೆ ಹಿಟ್ಟು, ಒಣಮೀನಿಗೆ ಮಾಸ್‌ಮಿನ್. ಮೂಲಂಗಿಯನ್ನಂತೂ ನಮ್ಮ ತಾರಸಿಯ ಮೇಲೆಯೇ ಒಣಗಿಸಬಹುದು.

'ಉಮೆಬೊಶಿ' ಎಂಬ ಅಲ್ಲಿನ ಉಪ್ಪಿನಕಾಯಿ ಸಿಕ್ಕರೆ ಜಾಗ್ರತೆ. ಹಳೆಯ ವಿಧಾನದಲ್ಲಿ ಮಾಡಿದ ಒಂದೇ ಕಾಯಿಯಲ್ಲಿ ಸುಮಾರು 2 ಗ್ರಾಂ ಉಪ್ಪಿರುತ್ತದೆ. ರಕ್ತದೊತ್ತಡ ಇರುವವರಿಗೆ ಅದು ಬೇಡ.

ಮನೆಯ ಹಿರಿಯರ ಪ್ರಶ್ನೆಗೆ ಸಿಡುಕಬೇಡಿ. "ತಿನ್ನಬಹುದಾ?" ಎಂದು ಅವರು ಕೇಳುವುದು ಒಳ್ಳೆಯದಕ್ಕೇ. ಉತ್ತರ ಹುಡುಕುವ ಕೆಲಸ ನಮ್ಮದು.

ಮಗಳು ಹೊರಡುವ ದಿನ ಅದೇ ಪೆಟ್ಟಿಗೆಯನ್ನು ಮತ್ತೆ ತುಂಬಿಸಿದೆವು. ಈ ಸಲ ಅದರಲ್ಲಿ ರಾಗಿ ಹುರಿಹಿಟ್ಟು, ಬೆಲ್ಲ, ಚೈನಾ ಗ್ರಾಸ್ ಪೊಟ್ಟಣ, ಸಮೇತನಹಳ್ಳಿಯ ಬಿಸಿಲಿನಲ್ಲಿ ಒಣಗಿದ ಮೂಲಂಗಿಯ ಡಬ್ಬಿ. ಡಬ್ಬಿಯಲ್ಲಿ ಅರ್ಧ ಪಕ್ಕದ ಹೊಲದಾಕೆಯ ಕೈಯದು. ಕಾಲು ಭಾಗವನ್ನು ಪಕ್ಕದ ಮನೆಯ ಅಜ್ಜಿಗೆ ಕೊಡಬೇಕೆಂದು ಅತ್ತೆ ಬೇರೆ ಪೊಟ್ಟಣ ಕಟ್ಟಿಸಿದರು. ಬಾಗಿಲಲ್ಲಿ ಮಗಳನ್ನು ತಬ್ಬಿಕೊಂಡಾಗ ಹಳೆಯ ಮಾತು ನನ್ನ ಬಾಯಿಗೆ ಬರಲಿಲ್ಲ. "ಓದಿ ನೋಡು, ಕೇಳಿ ತಿಳಿದುಕೋ, ಹೊಟ್ಟೆ ತುಂಬ ತಿನ್ನು" ಎಂದೆ.

ಅವಳು ಹೋದ ಕೆಲವೇ ದಿನಗಳಲ್ಲಿ ರಮಝಾನ್ ಬಂತು. ಕೋಬೆಯಲ್ಲಿ ನಮಗಿಂತ ಎಷ್ಟೋ ಮೊದಲು ಸೂರ್ಯ ಮುಳುಗುತ್ತಾನೆ. ನಮ್ಮಲ್ಲಿ ಅಸರ್‌ನ ಅಝಾನ್ ಆಗುವ ಮುಂಚೆಯೇ ಅವರಿಗೆ ಇಫ್ತಾರ್. ಮೊದಲ ಉಪವಾಸದ ದಿನ ಮಧ್ಯಾಹ್ನ ಫೋನಿಗೆ ಒಂದು ಚಿತ್ರ ಬಂತು. ತಟ್ಟೆಯಲ್ಲಿ ಖರ್ಜೂರ, ಒಂದು ಬಟ್ಟಲು ಗಂಜಿ, ಅದರ ಪಕ್ಕದಲ್ಲಿ ಬಿಳಿಯ ಪುಡ್ಡಿಂಗ್, ಮೇಲೆ ಉದುರಿಸಿದ ಕಂದು ಹಿಟ್ಟು. "ಅಮ್ಮಿ, ಇದು ದಾದಿಯ ಚೈನಾ ಗ್ರಾಸ್, ಮೇಲೆ ನಮ್ಮೂರ ಹುರಿಹಿಟ್ಟು" ಎಂದು ಬರೆದಿದ್ದಳು.

ಅತ್ತೆಗೆ ತೋರಿಸಿದೆ. ಅವರು ಚೆನ್ನಾಗಿ ನೋಡಿ, "ಇವತ್ತು ನಮಗೂ ಹಾಗೆಯೇ ಮಾಡು" ಎಂದರು.